ಗೋಡೆ ದಾಟಿದರೆ ಔಟ್

೧೯ ನವೆಂಬರ್ ೨೦೨೧, ಶುಕ್ರವಾರ, ಕ್ಲಾಂಗ್, ಮಲೇಷ್ಯಾ

ನಾನು ಒಪ್ಪಿಕೊಂಡು ಬಂದೆನೆಂದು ತಂಡಕ್ಕೆಲ್ಲ ಕೋಪ.

ಊರ ನಡುವಿನ ನಮ್ಮ ಹೊಸ ಕ್ರಿಕೆಟ್ ಮೈದಾನ ನೋಡಲು, ಭಾನುವಾರದ ಪಂದ್ಯದಲ್ಲಿ ನಮ್ಮ ಎದುರಾಳಿಯಾದ ಪೆಟಾಲಿಂಗ್ ಜಯಾ ತಂಡದ ಕ್ಯಾಪ್ಟನ್ ಮನೀಷ್ ಸಂಜೆ ಬಂದಿದ್ದ. ಮಾಸ್ಕ್ ಹಾಕಿದ್ದರೂ ನಗುತ್ತಿದ್ದುದು ಕಣ್ಣಲ್ಲೇ ಕಾಣುತ್ತಿತ್ತು.

"ಇದು ಬೆಂಕಿಪೊಟ್ಟಣ ಲಾ," ಎಂದ, ಇಲ್ಲಿನವರಂತೆ ಮಾತಿನ ಕೊನೆಗೆ ಲಾ ಸೇರಿಸಿ. "ರಸ್ತೆ ಕಡೆ ಗೋಡೆ ತುಂಬಾ ಹತ್ರ. ನಮ್ಮ ಮೈಸೂರು ಗಲ್ಲಿ ರೂಲ್ ಇಡೋಣ, ಗೋಡೆ ದಾಟಿದ್ರೆ ಔಟ್."

ಆಗಲಿ ಎಂದೆ.

ಸಿಕ್ಸರ್‌ಗೆಂದೇ ಹುಟ್ಟಿದ ನಮ್ಮ ಪುಟ್ಟಣ್ಣ ಬಂದರಿನ ಕೆಲಸ ಮುಗಿಸಿ ನೇರ ನನ್ನ ಮನೆಗೇ ಬಂದ. "ಏನಣ್ಣಾ, ನಮ್ಮ ಗ್ರೌಂಡಲ್ಲಿ ಅವರ ರೂಲಾ? ಭಾನುವಾರ ಸೋತ್ರೆ ವರ್ಷಪೂರ್ತಿ ಆಡ್ಕೊಂಡು ನಗ್ತಾರೆ."

"ಇಷ್ಟು ದಿನ ನಾವು ಎಲ್ಲಿ ಆಡಿದ್ವೋ?" ಎಂದು ಕೇಳಿದೆ.

ಕೋವಿಡ್‌ನಿಂದ ಮೈದಾನಗಳು ಮುಚ್ಚಿದ್ದ ಕಾಲದಲ್ಲಿ, ಹೊರಗೆ ಬಿಟ್ಟಾಗಲೆಲ್ಲ, ನಾವು ಆಡಿದ್ದು ಈ ಫ್ಲ್ಯಾಟಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ. ತಲೆಯ ಮೇಲೆ ಪೈಪು, ಸುತ್ತ ಕಾರು. ಚೆಂಡು ಎತ್ತಿದವನು ಔಟ್. ಕಂಬಗಳ ನಡುವೆ ನೆಲಕ್ಕಂಟಿಸಿ ಹೊಡೆಯುವುದನ್ನು ಪುಟ್ಟಣ್ಣನೂ ಕಲಿತದ್ದು ಅಲ್ಲೇ.

ಅವನು ಚಹದ ಲೋಟ ಕೆಳಗಿಟ್ಟು ನಗತೊಡಗಿದ.

ಮನೀಷನ ಹುಡುಗರಿಗೆ ಎತ್ತಿ ಹೊಡೆಯದಿದ್ದರೆ ಕೈ ತುರಿಸುತ್ತದೆ. ಭಾನುವಾರ ಗೋಡೆಯ ಆಚೆ ಚೆಂಡು ಹೆಕ್ಕಿ ಕೊಡಲು ಒಬ್ಬರನ್ನು ನಿಲ್ಲಿಸಬೇಕು. ಇಬ್ಬರಿದ್ದರೆ ಒಳ್ಳೆಯದು.