ಎರಡನೇ ಸಲ ತುಳಿದಾಗ ನಿಲ್ಲುವ ಗಾಡಿ

ಟೀಮಿನ ವಸತಿಗೃಹ, ಮೂರನೇ ಮಹಡಿ
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನು ಹೇಗಿದೆ? ಡಾಕ್ಟರು ಬಗ್ಗಬೇಡ ಅಂದಿದ್ದಕ್ಕೆ ಮಲಗಿಕೊಂಡೇ ಗಾಡಿಗಳ ಕೆಳಗೆ ತೂರುತ್ತಿದ್ದೀಯಂತೆ, ಅತ್ತಿಗೆ ಬರೆದಿದ್ದರು. ಅದು ಬಗ್ಗುವುದಲ್ಲ ಎಂದು ನೀನು ವಾದ ಮಾಡುತ್ತೀಯ, ಗೊತ್ತು. ಅಮ್ಮನ ಕಣ್ಣಿಗೆ ದಿನಕ್ಕೆ ಮೂರು ಸಲ ಔಷಧಿ ಬಿಡುತ್ತಿದ್ದೀರಿ ತಾನೇ? ಅವಳು ಹಾಕಿಕೊಂಡೆ ಅಂತ ಸುಳ್ಳು ಹೇಳುತ್ತಾಳೆ, ಬಾಟಲಿ ಎತ್ತಿ ನೋಡು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ. ಮೈಗೇನೂ ಆಗಿಲ್ಲ, ಅಷ್ಟು ಮಾತ್ರ ನಿಜ. ಈ ಕಾಗದವನ್ನು ಗ್ಯಾರೇಜಿನಲ್ಲಿ ಎಲ್ಲರೆದುರು ಒಡೆಯಬೇಡ, ಅಮ್ಮನಿಗೂ ಓದಿ ಹೇಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅತ್ತುಬಿಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ.

ಹೊಸ ಟೀಮಿಗೆ ಸೇರಿ ನಾಲ್ಕು ತಿಂಗಳಾಯಿತು. ಸೇರಿದ ದಿನ ಇಲ್ಲಿಯ ಗೋಡೆಯ ಮೇಲೆ ನನ್ನ ಆಳೆತ್ತರದ ಚಿತ್ರ ಅಂಟಿಸಿದ್ದರು. ಚಿಕ್ಕ ಗಾಡಿಗಳ ರೇಸಿನಲ್ಲಿ ಮೂರು ವರ್ಷ ಯಾರನ್ನೂ ಮುಂದೆ ಹೋಗಲು ಬಿಡದವಳು ಎಂದು ಕೆಳಗೆ ಬರೆದಿತ್ತು. ಐದು ರೇಸ್ ಮುಗಿದವು. ಹನ್ನೊಂದನೆಯವಳಾದೆ, ಹದಿಮೂರನೆಯವಳಾದೆ, ಒಂದರಲ್ಲಂತೂ ಅರ್ಧಕ್ಕೇ ಮಣ್ಣಿನಲ್ಲಿ ಹೂತುಕೊಂಡೆ. ಟೀಮಿನ ಇನ್ನೊಂದು ಗಾಡಿ ಓಡಿಸುವವನು ಅದೇ ರೇಸುಗಳಲ್ಲಿ ಮೂರನೆಯವನೋ ನಾಲ್ಕನೆಯವನೋ ಆಗಿ ಬಂದ. ಅವನನ್ನು ಇಲ್ಲಿ ಎಲ್ಲರೂ ಗಡಿಯಾರ ಎನ್ನುತ್ತಾರೆ. ಇಪ್ಪತ್ತು ಸುತ್ತು ಹೊಡೆದರೆ ಇಪ್ಪತ್ತಕ್ಕೂ ಒಂದೇ ಹೊತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಮೊದಮೊದಲು ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನೋಡಿದರೆ ಪಾಪದವನು. ಊಟದ ಹೊತ್ತಿಗೆ ನನಗೊಂದು ಜಾಗ ಹಿಡಿದಿಡುತ್ತಿದ್ದ, ನನ್ನ ಸೋಲಿನ ಮಾತೇ ಎತ್ತುತ್ತಿರಲಿಲ್ಲ. ಅದಕ್ಕೂ ಉರಿಯುತ್ತಿತ್ತು ಅನ್ನು. ಮ್ಯಾನೇಜರು ಮಾತ್ರ ಎತ್ತುತ್ತಿದ್ದರು. ಆರನೇ ರೇಸಿಗೆ ಮೊದಲು ನಿನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತೇವೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಮೊದಲ ವಾರವೇ ನಾನು ಸ್ಟೀರಿಂಗ್ ಬಿಗಿ ಅಂದಿದ್ದೆ. ಮೆಕ್ಯಾನಿಕ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಡಿಯಾರನ ಗಾಡಿಯಲ್ಲೂ ಅದೇ ಸ್ಟೀರಿಂಗ್, ಅವನಿಗಿಲ್ಲದ ಬಿಗಿ ಇವಳಿಗ್ಯಾಕೆ ಎಂದು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ನೀನು ಕಲಿಸಿದ್ದೂ ಅದನ್ನೇ ಅಲ್ಲವಾ? ಗುಜರಿ ಸಾಮಾನು ಜೋಡಿಸಿ ನನಗೆ ಮೊದಲ ಗಾಡಿ ಮಾಡಿಕೊಟ್ಟೆಯಲ್ಲ, ಅದರ ಬ್ರೇಕ್ ಒಂದು ದಿನವೂ ನೆಟ್ಟಗೆ ಹಿಡಿದದ್ದಿಲ್ಲ. ಅಳುತ್ತ ಬಂದರೆ "ಗಾಡಿ ಮೇಲೆ ತಪ್ಪು ಹೊರಿಸ್ಬೇಡ, ಎರಡು ಸಲ ತುಳಿ" ಅನ್ನುತ್ತಿದ್ದೆ. ಮೊದಲನೇ ಸಲ ಪೆಡಲ್ ಹಾಗೇ ಒಳಗೆ ಹೋಗುತ್ತಿತ್ತು, ಎರಡನೇ ಸಲ ಹಿಡಿಯುತ್ತಿತ್ತು. ತಿರುವಿಗೆ ಮುಂಚೆ ಸುಮ್ಮನೆ ಒಂದು ಸಲ ತುಳಿದುಬಿಡುವುದು ನನಗೆ ರೆಪ್ಪೆ ಬಡಿದಷ್ಟು ಸಲೀಸಾಗಿಹೋಯಿತು.

ಇಲ್ಲಿಯ ಗಾಡಿಯ ಬ್ರೇಕ್ ಮುಟ್ಟಿದರೆ ಹಿಡಿಯುವಂಥದು, ಹಾಗಾಗಿ ಬಂದ ಹೊಸದರಲ್ಲಿ ಆ ಅಭ್ಯಾಸ ಬಿಟ್ಟೇಹೋಗಿತ್ತು. ಮೊದಲ ಮೂರು ರೇಸಿನ ಸೋಲು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಗಾಡಿಯ ತೂಕ ಇನ್ನೂ ಕೈಗೆ ಹತ್ತಿರಲಿಲ್ಲ. ನಾಲ್ಕನೆಯದರ ಹೊತ್ತಿಗೆ ಕೈ ಕೂಡಿಬಂತು ಅನ್ನುವಷ್ಟರಲ್ಲಿ ಪೆಡಲ್ ಮೆತ್ತಗಾಗತೊಡಗಿತು. ಎಲ್ಲ ತಿರುವಿನಲ್ಲೂ ಅಲ್ಲ, ಗಾಡಿ ಚೆನ್ನಾಗಿ ಅದುರಿದ ಮೇಲೆ, ಉದ್ದನೆಯ ನೇರ ದಾರಿ ಮುಗಿಯುವಲ್ಲಿ ಹೆಚ್ಚು. ಮುಂದಿನ ಚಕ್ರದ ಬೇರಿಂಗ್ ಸವೆದಿದೆ, ಚಕ್ರ ಅಲ್ಲಾಡಿ ಬ್ರೇಕಿನ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ ಎಂದು ನಿನ್ನ ತಂಗಿಗೆ ತಿಳಿಯದೇ? ಕಾಲು ತಾನಾಗಿಯೇ ಎರಡು ಸಲ ತುಳಿಯತೊಡಗಿತು, ಅದರಲ್ಲೇ ಹೊತ್ತು ಸೋರಿಹೋಗುತ್ತಿತ್ತು. ನಮ್ಮ ಎಂಜಿನಿಯರ್ ಕಂಪ್ಯೂಟರಿನಲ್ಲಿ ಗೆರೆಗಳನ್ನು ನೋಡುವ ಮನುಷ್ಯ. ತಿರುವುಗಳ ಮುಂಚೆ ಒಂದೊಂದು ಚಿಕ್ಕ ಉಬ್ಬು ಕಂಡು ನನ್ನನ್ನು ಕರೆದು, ಇದೇನು, ಬ್ರೇಕಿನಲ್ಲಿ ತೊಂದರೆ ಇದೆಯೇ ಎಂದು ಕೇಳಿದರು. ಹಿಂದೆ ಮ್ಯಾನೇಜರು ಕೈಕಟ್ಟಿ ನಿಂತಿದ್ದರು. "ಇಲ್ಲ ಸಾರ್, ಅದು ನನ್ನ ಹಳೇ ಅಭ್ಯಾಸ" ಅಂದೆ. ಅವರು ಪುಸ್ತಕದಲ್ಲಿ 'ಅಭ್ಯಾಸ' ಎಂದು ಬರೆದುಕೊಂಡರು. ಇನ್ನೊಂದು ನೆಪ ಹುಡುಕಿಕೊಂಡು ಬಂದಳು ಅನ್ನಿಸಿಕೊಳ್ಳುವುದಕ್ಕಿಂತ ಹನ್ನೆರಡನೆಯವಳಾಗಿ ಬರುವುದೇ ವಾಸಿ ಅನ್ನಿಸಿತ್ತು.

ಹೋದ ಮಂಗಳವಾರ ಮ್ಯಾನೇಜರು ಒಂದು ಪರೀಕ್ಷೆ ಇಟ್ಟರು. ನಾನು ಗಡಿಯಾರನ ಗಾಡಿಯಲ್ಲಿ ಹತ್ತು ಸುತ್ತು, ಅವನು ನನ್ನದರಲ್ಲಿ ಹತ್ತು ಸುತ್ತು. ನಿಧಾನ ಗಾಡಿಯದೋ ನನ್ನದೋ ಗೊತ್ತಾಗಿಹೋಗಲಿ ಎಂದು. ಕೇಳಿ ನನಗಾದ ಸಂತೋಷ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಬಾಯಿ ಬಿಡಬೇಕಾಗಿಯೇ ಇಲ್ಲ, ಅವನೇ ಇಳಿದು ಬಂದು ಬ್ರೇಕ್ ಸರಿ ಇಲ್ಲ ಎನ್ನುತ್ತಾನೆ, ಅವನು ಹೇಳಿದ ಮೇಲೆ ಎಲ್ಲರೂ ನಂಬುತ್ತಾರೆ. ಮೊದಲು ನಾನು ಹೋದೆ. ಅವನ ಗಾಡಿಯಲ್ಲಿ ಅವನಿಗಿಂತ ಚೂರು ಬೇಗ ಬಂದೆ ಅಣ್ಣಾ. ಮೆಕ್ಯಾನಿಕ್‌ಗಳು ಬೆನ್ನು ತಟ್ಟಿದರು. ಅಷ್ಟಕ್ಕೇ ನಿಲ್ಲಿಸಿ ಆಗಲಾದರೂ ಹೇಳಬಹುದಿತ್ತು. ನನಗೆ ಅವನು ನಿಧಾನವಾಗುವುದನ್ನೂ ಎಲ್ಲರೂ ನೋಡಬೇಕಿತ್ತು. ಒಂದೆರಡು ಸೆಕೆಂಡ್ ಹಿಂದೆ ಬೀಳುತ್ತಾನೆ, ಮುಖ ಸಣ್ಣದಾಗುತ್ತದೆ, ಅಷ್ಟೇ ಎಂದುಕೊಂಡೆ. ಅವನು ಯಾವತ್ತೂ ಒಂದೇ ಜಾಗದಲ್ಲಿ, ಒಂದೇ ಸಲ, ಕೊನೇ ಗಳಿಗೆಯಲ್ಲಿ ತುಳಿಯುವವನು ಎಂಬುದು ಹೊಳೆಯಲಿಲ್ಲವೋ, ಹೊಳೆದದ್ದನ್ನು ಅತ್ತ ತಳ್ಳಿದೆನೋ, ಈಗ ನನಗೇ ತಿಳಿಯುತ್ತಿಲ್ಲ. ನಾನಾಗಿ ಹೇಳಲಿಲ್ಲ, ಅವನೂ ಕೇಳಲಿಲ್ಲ. ಎರಡು ಸುತ್ತು ಮೆಲ್ಲಗೆ ಹೋದ. ಮೂರನೆಯದರಲ್ಲಿ ನೇರ ದಾರಿ ಮುಗಿಯುವಲ್ಲಿ ಗಾಡಿ ತಿರುಗಲೇ ಇಲ್ಲ. ಟೈರು ಪೇರಿಸಿದ ಗೋಡೆಗೆ ನೇರವಾಗಿ ಹೋಗಿ ಬಡಿಯಿತು. ಅವನನ್ನು ಹೊರಗೆ ತೆಗೆಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆನಂತೆ, ಆಮೇಲೆ ಯಾರೋ ಬಿಡಿಸಿಕೊಂಡರಂತೆ.

ಎರಡೂ ಪಾದ ನುಜ್ಜುಗುಜ್ಜಾಗಿವೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಗಬಹುದು, ಬುಧವಾರ ಹೇಳುತ್ತೇವೆ ಎಂದಿದ್ದಾರೆ. ನಿನ್ನೆ ನೋಡಲು ಹೋಗಿದ್ದೆ. ಅವನ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವನು ನನ್ನ ಕಡೆ ತಿರುಗಿ, "ನಾನೇ ತಡವಾಗಿ ತುಳಿದೆ ಅನ್ಸುತ್ತೆ, ಹಿಂಗೆ ಯಾವತ್ತೂ ಆಗಿರ್ಲಿಲ್ಲ" ಅಂದ. ಹಣ್ಣಿನ ಚೀಲ ಕುರ್ಚಿಯ ಮೇಲಿಟ್ಟು ಎದ್ದು ಬಂದುಬಿಟ್ಟೆ.

ಗುರುವಾರವೇ ಮ್ಯಾನೇಜರು ಕರೆದು, ವರ್ಷವಿಡೀ ನೀನೇ, ಅವನ ಗಾಡಿ ಇನ್ನು ನಿನ್ನದು ಎಂದರು. ಅದರ ಜೊತೆಗೆ ಎಂಜಿನಿಯರ್ ಒಂದು ಕಾಗದ ಕೊಟ್ಟರು. ನಾನು ಓಡಿಸುತ್ತಿದ್ದಾಗ ಬ್ರೇಕಿನಲ್ಲಿ ದೋಷವಿರಲಿಲ್ಲ ಎಂದು ರುಜು ಹಾಕಬೇಕು, ನಾಳೆ ಬೆಳಿಗ್ಗೆ ತನಿಖೆಯವರಿಗೆ ಹೋಗುತ್ತದೆ. ಗಾಡಿಯ ಮುಂಭಾಗ ಮುದ್ದೆಯಾಗಿದೆ, ಅದನ್ನು ನೋಡಿ ಯಾರೂ ಏನೂ ಹೇಳಲಾರರು. ರುಜು ಹಾಕಿದರೆ ತಪ್ಪು ಅವನದೇ ಆಗುತ್ತದೆ. ಹಾಕದಿದ್ದರೆ ಯಾವ ಟೀಮೂ ನನ್ನನ್ನು ಇನ್ನು ಗಾಡಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹನ್ನೆರಡನೇ ವಯಸ್ಸಿನಿಂದ ಬೇರೇನೂ ಕಲಿಯದವಳು ನಾನು. ಮೂರು ದಿನದಿಂದ ಕಾಗದ ಮೇಜಿನ ಮೇಲಿದೆ. ನಿನ್ನ ಮೇಲೂ ಸಿಟ್ಟು ಬಂದಿತ್ತು, ಎರಡು ಸಲ ತುಳಿ ಎಂದವನು ನೀನೇ ಎಂದು. ಆದರೆ ಆ ಗುಜರಿ ಗಾಡಿಯನ್ನು ಯಾರು ಕೇಳಿದರೂ ನೀನು ಕೊಡುತ್ತಿರಲಿಲ್ಲ. ಅದರ ಕಾಯಿಲೆ ನನ್ನ ತಂಗಿಗೆ ಮಾತ್ರ ಗೊತ್ತು ಎಂದು ಕೀಲಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಈಗ ಏನು ಮಾಡಲಿ ಹೇಳು. ನಿನ್ನ ಉತ್ತರ ನಾಳೆಯೊಳಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ತಂಗಿ ಊಟ ಸರಿಯಾಗಿ ಮಾಡುತ್ತಿದ್ದಾಳೆ ಅನ್ನು. ಅತ್ತಿಗೆಯ ಮಾತು ಕೇಳಿ ಒಂದು ವಾರವಾದರೂ ಮಲಗು.

ನಿನ್ನ ಮೊಂಡು ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಅವನೂ ಕೇಳಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಕೇಳಿದ. ಗ್ಲೌಸ್ ಹಾಕಿಕೊಳ್ಳುತ್ತ ಹತ್ತಿರ ಬಂದು "ನಿನ್ನ ಗಾಡೀಲಿ ನಾನು ತಿಳ್ಕೊಂಡಿರಬೇಕಾದ್ದು ಏನಾದ್ರೂ ಇದೆಯಾ?" ಅಂದ. "ಏನಿಲ್ಲ" ಅಂದೆ. ಬ್ರೇಕ್ ಕೆಟ್ಟಿದ್ದು ನನಗೆ ಗೊತ್ತಿತ್ತು, ಅವನು ಕೇಳಿದರೂ ಹೇಳಲಿಲ್ಲ ಎಂದು ಆ ಕಾಗದದ ಮೇಲೆ ಬರೆದು ರುಜು ಹಾಕಿ ಎಂಜಿನಿಯರ್ ಕೋಣೆಯ ಬಾಗಿಲ ಕೆಳಗೆ ತೂರಿಸಿ ಬಂದಿದ್ದೇನೆ. ಈಗ ಆಸ್ಪತ್ರೆಗೆ ಹೊರಟೆ, ಅವನು ಬೇರೆಯವರ ಬಾಯಿಂದ ಕೇಳಬಾರದು. ನಾನು ಏನಿಲ್ಲ ಅಂದಾಗ ಅವನು ಥ್ಯಾಂಕ್ಸ್ ಹೇಳಿ ಗಾಡಿ ಹತ್ತಿದ್ದ, ಅಣ್ಣಾ.