‘ಗೊತ್ತಿಲ್ರಿ’ ಅಂದ ನಾಜಮೀನಳಿಗೆ

ನರೇಗಲ್,
ಶ್ರಾವಣದ ಎರಡನೆಯ ಸೋಮವಾರ

ಪ್ರೀತಿಯ ನಾಜಮೀನ,

ಹೋದ ತಿಂಗಳು ನೀನು ಫೋನಿನಲ್ಲಿ ಅಳುತ್ತಿದ್ದಾಗ ನಾನು ಸಾಲಿಯ ಗಂಟೆಯ ನೆಪ ಹೇಳಿ ಇಟ್ಟುಬಿಟ್ಟೆ. ಹತ್ತನೆಯ ತರಗತಿಗೆ ಗಣಿತದ ಪಾಠವಿದ್ದದ್ದು ನಿಜವೇ. ಆದರೆ ಗಂಟೆ ಬಾರಿಸದಿದ್ದರೂ ನನಗೆ ಮಾತು ಹೊಳೆಯುತ್ತಿರಲಿಲ್ಲ. ‘ನಾಲ್ಕು ವರ್ಷ ದುಡದಿದ್ದು ನೀರಾಗ ಹೋತ್ರಿ ಅಕ್ಕಾ, ಆ ಔಷಧದಿಂದ ಏನೂ ಫರಕ್ ಇಲ್ಲಂತ. ನಾ ಈ ಸಂಶೋಧನಾ ಕೆಲಸಾನs ಬಿಡ್ತೀನಿ’ ಅಂದಿದ್ದೆಯಲ್ಲ, ಅದಕ್ಕೆ ಉತ್ತರ ಕೊಡಬೇಕಾದದ್ದು ನಾನೇ. ಆವತ್ತು ಕೊಡಲಿಲ್ಲ. ಇವತ್ತು ಸಾಲಿಗೆ ರಜೆ. ಅತ್ತೆ ಹಿತ್ತಲಲ್ಲಿ ಮೆಣಸಿನಕಾಯಿ ಸಸಿಗಳಿಗೆ ಬೈಯುತ್ತ ನೀರು ಹಾಕುತ್ತಿದ್ದಾರೆ. ನಾನು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಆ ಮಧ್ಯಾಹ್ನ ನಿನಗೆ ನೂರಾರು ಮಧ್ಯಾಹ್ನಗಳಲ್ಲಿ ಒಂದು. ನನಗೆ ಅದೊಂದೇ. ಮೆಣಸಗಿಯ ನಮ್ಮ ಹೊಲದಲ್ಲಿ ಕಡಲೆ ಕೊಯ್ಯುವಾಗ ಅತ್ತೆಯ ಕಾಲಿಗೆ ಕುಡುಗೋಲು ತಾಗಿತ್ತು. ಅರಿಶಿನ ಮೆತ್ತಿ, ಸೀರೆಯ ಅಂಚಿನಲ್ಲಿ ಮುಚ್ಚಿಟ್ಟುಕೊಂಡು, ಯಾರಿಗೂ ಹೇಳದೆ ಎರಡು ದಿನ ಓಡಾಡಿದ್ದರು. ಮೂರನೆಯ ದಿನ ಮೈ ಸುಡುತ್ತಿತ್ತು, ಕೈಗಳು ಮಾತ್ರ ತಣ್ಣಗಿದ್ದವು. ಎಂದೋ ತೀರಿಹೋದ ತಮ್ಮ ಅಕ್ಕನ ಹೆಸರು ಹಿಡಿದು ನನ್ನನ್ನು ಕರೆದರು. ರೋಣದ ದವಾಖಾನೆಯ ಡಾಕ್ಟರು ನೋಡಿದ ಕೂಡಲೇ ಒಂದು ಕೈಗೆ ಸಲಾಯಿನ್ ಹಚ್ಚಿ, ಇನ್ನೊಂದಕ್ಕೆ ಇಂಜೆಕ್ಷನ್ ಕೊಟ್ಟು, ‘ಗಾಯದ ನಂಜು ರಕ್ತಕ್ಕ ಇಳದೈತ್ರಿ, ಬಿ.ಪಿ. ಬಿದ್ದೈತಿ, ಲಗೂ ಹುಬ್ಬಳ್ಳಿಗೆ ಒಯ್ರಿ’ ಅಂದರು. ಆಂಬುಲೆನ್ಸಿನಲ್ಲಿ ನನ್ನ ಗಂಡ ಕನಕರಾಜ ಸಲಾಯಿನ್ ಬಾಟಲಿಯನ್ನು ಎತ್ತಿ ಹಿಡಿದೇ ಕೂತಿದ್ದ. ನರಗುಂದದ ಗುಡ್ಡ ಕಿಟಕಿಯಲ್ಲಿ ಬಂದು ಹಿಂದೆ ಸರಿದಾಗ, ಮದುವೆಯ ದಿನ ಇದೇ ಗುಡ್ಡ ತೋರಿಸಿ ಅತ್ತೆ ನನಗೆ ಏನೋ ಹೇಳಿದ್ದರು, ಏನೆಂದು ನೆನಪಾಗುತ್ತಿಲ್ಲವಲ್ಲ ಎಂದು ನಾನು ಅಳುತ್ತಿದ್ದೆ.

ಹುಬ್ಬಳ್ಳಿಯ ಐಸಿಯು ಬಾಗಿಲಲ್ಲಿ ಡಾಕ್ಟರು ‘ಸೆಪ್ಟಿಕ್ ಶಾಕ್’ ಎಂದರು. ಅವರು ಒಳಗೆ ಹೋದರು, ಸಂಶೋಧನೆಯ ನರ್ಸಾದ ನೀನು ಹೊರಗೆ ಬಂದೆ. ಕೈಯಲ್ಲಿ ಕಾಗದಗಳ ಕಟ್ಟು. ಎಲ್ಲ ಚಿಕಿತ್ಸೆಯೂ ಶುರುವಾಗಿದೆ, ಅದರ ಜೊತೆಗೆ ಒಂದು ಹೊಸ ಔಷಧದ ಸಂಶೋಧನೆ ನಡೆದಿದೆ, ನಿಮ್ಮವರನ್ನು ಸೇರಿಸಬಹುದೇ ಎಂದು ಕೇಳಿದೆ. ಕನಕರಾಜನ ದನಿ ಏರಿತು. ‘ನಮ್ಮವ್ವನ ಮ್ಯಾಲೆ ಪ್ರಯೋಗ ಮಾಡ್ತೀರೇನ್ರಿ? ಆಕಿ ಏನ್ ಇಲಿ ಅದಾಳೇನು?’

ನೀನು ಹೆದರಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತೆ. ‘ಅಣ್ಣಾರ, ಅರ್ಧ ಮಂದಿಗೆ ಆ ಔಷಧ, ಅರ್ಧ ಮಂದಿಗೆ ಬರೇ ಸಲಾಯಿನ್. ಯಾರಿಗೆ ಯಾವ್ದು ಅಂತ ಕಂಪ್ಯೂಟರ್ ಆರಸ್ತೈತಿ. ನನಗೂ ತಿಳಿಯಂಗಿಲ್ಲ, ಡಾಕ್ಟರಿಗೂ ತಿಳಿಯಂಗಿಲ್ಲ. ನೀವು ಒಲ್ಲೆ ಅಂದ್ರೂ ಅವ್ವಾರ ಉಪಚಾರದಾಗ ಒಂದು ಗುಲಗಂಜಿ ಕಮ್ಮಿ ಆಗಂಗಿಲ್ಲ’ ಅಂದೆ. ನಾನು ಕೇಳಿದೆ: ‘ಆ ಔಷಧದಿಂದ ಚಲೋ ಆಗತೈತೇನು?’

‘ಗೊತ್ತಿಲ್ರಿ ಅಕ್ಕಾ. ಖರೇನs ಗೊತ್ತಿಲ್ಲ. ಚಲೋನೂ ಆಗಬಹುದು, ತ್ರಾಸೂ ಆಗಬಹುದು. ಅದನ್ನ ತಿಳ್ಕೊಳ್ಳಾಕನs ಇದು.’

ಹದಿನಾರು ವರ್ಷ ಪಾಠ ಮಾಡಿದ್ದೇನೆ ನಾಜಮೀನ. ಮಕ್ಕಳ ಮುಂದೆ ‘ಗೊತ್ತಿಲ್ಲ’ ಎನ್ನುವ ಧೈರ್ಯ ನನಗೆ ಒಂದು ಸಲವೂ ಬಂದದ್ದಿಲ್ಲ. ಸಾವು ಬಾಗಿಲ ಆಚೆ ಕೂತಿದ್ದಾಗ, ಒಂದು ಸುಳ್ಳು ಭರವಸೆ ಕೊಟ್ಟರೆ ನಾವು ಥಟ್ಟನೆ ಸಹಿ ಹಾಕುತ್ತೇವೆಂದು ತಿಳಿದಿದ್ದರೂ, ನೀನು ಹಾಗೆ ಹೇಳಿದೆ. ಈ ಹುಡುಗಿ ನಮಗೆ ಸುಳ್ಳು ಹೇಳುವವಳಲ್ಲ ಎಂದು ನನಗೆ ಅನಿಸಿತು. ಕನಕರಾಜ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಅವನ ಸಹಿ ಗೆರೆ ದಾಟಿ ಕೆಳಗಿಳಿದಿತ್ತು. ನೀನು ‘ಇರ್ಲಿ ಬಿಡ್ರಿ, ನಡೀತೈತಿ’ ಎಂದು ಅವನ ಕೈಗೆ ನೀರಿನ ಬಾಟಲಿ ಕೊಟ್ಟೆ.

ಮೂರು ದಿನ ನೀನು ತಾಸಿಗೊಮ್ಮೆ ಬಂದು ಬರೆದುಕೊಂಡೆ: ಬಿ.ಪಿ. ಎಷ್ಟು, ಉಸಿರು ಎಷ್ಟು, ಮೂತ್ರ ಎಷ್ಟು, ಕರೆದರೆ ಓಗೊಡುತ್ತಾರೋ ಇಲ್ಲವೋ. ನಾಲ್ಕನೆಯ ದಿನ ಅತ್ತೆ ಕಣ್ಣುಬಿಟ್ಟರು. ಮಗನನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ನಿನ್ನನ್ನೇ ದಿಟ್ಟಿಸಿ ಆಮ್ಲಜನಕದ ಮಾಸ್ಕಿನೊಳಗಿಂದ ಕೇಳಿದರು.

‘ನೀ ಯಾರ ಮಗಳs?’

‘ನರಗುಂದದ ಮುರ್ತುಜಾಸಾಬರ ಮಗಳ್ರಿ.’

‘ಗಾಣದ ಮುರ್ತುಜಾಸಾಬ?’

‘ಅಲ್ರೀ ಅವ್ವಾ, ಟೇಲರ್ ಮುರ್ತುಜಾಸಾಬ.’

‘ಹಂಗಾರ ನಿಮ್ಮಪ್ಪ ನನ್ನ ಎರಡು ಜಂಪರ್ ಕೆಡಿಸ್ಯಾನ’ ಎಂದು ಮತ್ತೆ ಕಣ್ಣುಮುಚ್ಚಿದರು. ಕನಕರಾಜ ಗೋಡೆಗೆ ಮುಖ ಮಾಡಿ ನಕ್ಕನೋ ಅತ್ತನೋ, ಭುಜ ಮಾತ್ರ ಕುಣಿಯುತ್ತಿತ್ತು.

ವಾರ್ಡಿಗೆ ಬಂದ ಮೇಲೆ ನೀನು ಮತ್ತೆ ಕಾಗದ ತಂದೆ. ಸಂಶೋಧನೆಗೆ ಸೇರಿಸುವಾಗ ಅವರಿಗೆ ಎಚ್ಚರವಿರಲಿಲ್ಲ, ಮಗ ಒಪ್ಪಿದ್ದ. ಈಗ ಅವರನ್ನೇ ಕೇಳಬೇಕು, ಬೇಡವೆಂದರೆ ಹೆಸರು ತೆಗೆಯುತ್ತೇವೆ ಎಂದೆ. ಅತ್ತೆ ಪೆನ್ನು ಕೈಗೆ ತೆಗೆದುಕೊಂಡರು. ‘ನನ್ನ ಮದವಿಗೆ ಸೈತ ನನ್ನ ಯಾರೂ ಕೇಳಿದ್ದಿಲ್ಲವs ತಂಗೀ’ ಎಂದು ಹೇಳಿ, ನಾಲ್ಕನೆಯ ತರಗತಿಯವರೆಗೆ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ‘ಸುಶೀಲವ್ವ’ ಎಂದು ಬರೆದರು. ಆವತ್ತಿನಿಂದ ಅವರ ನಡೆಯೇ ಬೇರೆಯಾಯಿತು. ಕಾಲಿನ ಒಂದು ಬೆರಳು ಹೋಗಿತ್ತು, ಕೂದಲು ಹಿಡಿಹಿಡಿಯಾಗಿ ಉದುರಿತ್ತು, ಕೊಡ ಎತ್ತಲು ಆರು ತಿಂಗಳು ಆಗಲಿಲ್ಲ, ಒಲೆಯ ಮೇಲೆ ಏನಿಟ್ಟೆನೆಂಬುದೂ ಮರೆತುಹೋಗುತ್ತಿತ್ತು. ಆದರೂ ಮಾತಾಡಿಸಲು ಬಂದವರಿಗೆಲ್ಲ ‘ನಾ ಸಂಶೋಧನಾದಾಗ ಅದೀನಿ’ ಎಂದು ಮೊದಲು ಹೇಳಿ ಆಮೇಲೆ ಚಹಾ ಕೊಡಿಸುತ್ತಿದ್ದರು.

ಮನೆಗೆ ಬಂದ ಮೇಲೆ ಅವರ ಆರೋಗ್ಯ ಕೇಳಿ ಬರೆದುಕೊಳ್ಳಲು ನೀನು ಮಾಡುತ್ತಿದ್ದ ಫೋನುಗಳ ಕತೆ ನಿನಗೆ ಅರ್ಧವಷ್ಟೇ ಗೊತ್ತು. ಇಪ್ಪತ್ತೆಂಟನೆಯ ದಿನ ನೀನು ‘ಮೆಟ್ಟಲಾ ಹತ್ತಾಕ ತ್ರಾಸ ಆಗತೈತೇನ್ರಿ’ ಎಂದು ಕೇಳಿದ್ದೆ. ನಮ್ಮ ಮನೆಗೆ ಮೆಟ್ಟಿಲಿಲ್ಲ. ಸುಳ್ಳು ಹೇಳಬಾರದೆಂದು ಅತ್ತೆ ಫೋನು ನನ್ನ ಕೈಗೆ ಕೊಟ್ಟು, ಮರುದಿನ ಎದುರುಮನೆಗೆ ಹೋಗಿ ಅವರ ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು, ‘ಏಳನೇ ಮೆಟ್ಟಲಕ್ಕ ದಮ್ಮು ಹತ್ತಿತು, ಹಂಗs ಬರ್ಕೊ ಅನ್ನು’ ಎಂದು ನಿನಗೆ ಹೇಳಿಸಿದರು. ತೊಂಬತ್ತನೆಯ ದಿನ ಬೆಳಿಗ್ಗೆಯೇ ಇಳಕಲ್ ಸೀರೆಯುಟ್ಟು, ಉಳಿದಷ್ಟು ಕೂದಲಿಗೆ ಎಣ್ಣೆ ಹಚ್ಚಿ, ಫೋನಿನ ಮುಂದೆ ಕೂತಿದ್ದರು. ‘ಮನಸ್ಸಿಗೆ ಬ್ಯಾಸರ ಆಗತೈತೇನ್ರಿ? ಭಾಳ, ಸ್ವಲ್ಪ, ಇಲ್ಲವೇ ಇಲ್ಲ?’ ಎಂದು ನೀನು ಕೇಳಿದಾಗ ಅವರು ಕೊಟ್ಟ ಉತ್ತರ ನೆನಪಿದೆಯೇ? ‘ನೀ ಫೋನ್ ಇಟ್ಟ ಮ್ಯಾಲೆ ಸ್ವಲ್ಪ ಆಗತೈತಿ.’ ಅದನ್ನು ಯಾವ ಕಾಲಮ್ಮಿನಲ್ಲಿ ಬರೆದೆಯೋ ದೇವರಿಗೇ ಗೊತ್ತು.

ಈಗ ಹೋದ ತಿಂಗಳಿಗೆ ಬರುತ್ತೇನೆ. ಔಷಧ ಪಡೆದವರೂ ಸಲಾಯಿನ್ ಪಡೆದವರೂ ಒಂದೇ ಪ್ರಮಾಣದಲ್ಲಿ ಉಳಿದರು, ಒಂದೇ ಪ್ರಮಾಣದಲ್ಲಿ ತೀರಿಕೊಂಡರು ಎಂದು ನೀನು ಹೇಳಿದೆ. ಸುಶೀಲವ್ವಾರಿಗೆ ಸಿಕ್ಕದ್ದು ಬರೀ ಉಪ್ಪುನೀರು ಎಂದೂ ಹೇಳಿದೆ. ಅದನ್ನು ಅತ್ತೆಗೆ ಹೇಳುವುದು ಹೇಗೆಂದು ನಾನು ಎರಡು ದಿನ ಒದ್ದಾಡಿದೆ. ಹೊಸ ಔಷಧವೇ ತಮ್ಮನ್ನು ಉಳಿಸಿತೆಂದು ನರೇಗಲ್ಲಿನ ಸಂತೆಗೆಲ್ಲ ಅವರು ಸಾರಿದ್ದರು. ಗಜೇಂದ್ರಗಡದ ಬೀಗರು ಆ ಔಷಧದ ಹೆಸರು ಬರೆದು ಕಳಿಸಲು ನನಗೆ ಎರಡು ಸಲ ಹೇಳಿಕಳಿಸಿದ್ದರು.

ಕೊನೆಗೆ ಅವರು ರೊಟ್ಟಿ ಬಡಿಯುವಾಗ ಹೇಳಿಬಿಟ್ಟೆ. ಕೈ ನಿಲ್ಲಿಸಿದರು.

‘ಹಂಗಾರ ನಾ ಉಪ್ಪನೀರಿಗೆ ಬದಕೀನೇನ?’

‘ಇಲ್ರಿ ಅತ್ತಿ. ರೋಣದಾಗ ಮೊದಲs ಇಂಜೆಕ್ಷನ್ ಬಿತ್ತಲ್ಲ, ಬಿ.ಪಿ. ಏರಿಸೂ ಔಷಧ ಕೊಟ್ರಲ್ಲ, ತಾಸತಾಸಿಗೆ ನೋಡಿಕೊಂಡ್ರಲ್ಲ, ಅದಕ್ಕ ಬದಕೀರಿ.’

‘ಮತ್ತ ಆ ಹೊಸಾದ್ರಿಂದ ಏನೂ ಉಪಯೋಗ ಇಲ್ಲಂತ ಗ್ಯಾರಂಟಿ ಆತೇನ?’

‘ಆತ್ರಿ.’

ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಅಂದರು: ‘ಚಲೋ ಆತ ತಗೀ. ಮುಂದ ಬರೂ ಮಂದಿಗೆ ಸುಮ್ಮಸುಮ್ಮನ ಚುಚ್ಚೂದು ತಪ್ತು. ಅದನ್ನ ಪತ್ತೆ ಹಚ್ಚಿದ್ದರಾಗ ನಾನೂ ಅದೀನಿ.’ ಗಣಿತದ ಎಂ.ಎಸ್ಸಿ. ಮಾಡಿದ ನನಗೆ ಹೊಳೆಯದ್ದು ಅವರಿಗೆ ಹಂಚಿನ ಮುಂದೆ ಹೊಳೆದಿತ್ತು. ಆಮೇಲೆ ಅವರೇ ಗಜೇಂದ್ರಗಡಕ್ಕೆ ಫೋನು ಹಚ್ಚಿಸಿ, ಆ ಔಷಧ ಬೇಡ, ಗಾಯ ಆದರೆ ಮುಚ್ಚಿಡಬೇಡಿ, ದವಾಖಾನೆಗೆ ಓಡಿ ಎಂದು ಬೀಗರಿಗೆ ಹದಿನೈದು ನಿಮಿಷ ಉಪನ್ಯಾಸ ಕೊಟ್ಟರು.

ಇಷ್ಟೇ ಆಗಿದ್ದರೂ ಬರೆಯುತ್ತಿದ್ದೆ. ಆದರೆ ನಿನಗೆ ತಿಳಿಯದ ಇನ್ನೊಂದು ಸಂಗತಿ ಮೂರು ವಾರದ ಹಿಂದೆ ನಡೆಯಿತು. ಹೆಸರು ಬೆಳೆ ನೋಡಲು ನಾವು ಮೆಣಸಗಿಗೆ ಹೋಗಿದ್ದೆವು. ಹೊಲದ ನೆರೆಯವರಾದ ಅಜ್ಜಪ್ಪನವರು ಕಾಲಿಗೆ ಮುಳ್ಳು ನೆಟ್ಟು, ಜ್ವರ ಬಂದು ಮಲಗಿದ್ದರು. ಏನೇನೋ ಬಡಬಡಿಸುತ್ತಿದ್ದರು, ಮನೆಯವರು ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸಲು ಹೊರಟಿದ್ದರು. ಅತ್ತೆ ಹಾಸಿಗೆಯ ಪಕ್ಕ ಕೂತು ಕೈ ಮುಟ್ಟಿದರು. ‘ಅಜ್ಜಪ್ಪಾ, ನಾ ಯಾರು ಹೇಳು’ ಎಂದರು. ಉತ್ತರ ತಪ್ಪು ಬಂತು. ‘ಮುಂಜಾನಿಂದ ಉಚ್ಚಿ ಹೊಯ್ದಿಯೇನ?’ ಎಂದು ಎಲ್ಲರೆದುರೇ ಕೇಳಿದರು. ಸೊಸೆಯಂದಿರು ಸೆರಗು ಬಾಯಿಗೆ ಒತ್ತಿಕೊಂಡರು. ಇಲ್ಲವೆಂದು ಅವರು ತಲೆಯಾಡಿಸಿದ್ದೇ ತಡ, ಅತ್ತೆ ಎದ್ದು ನಿಂತು ‘ಅಂತ್ರ ಆಮ್ಯಾಲೆ ಕಟ್ರಿ, ಮೊದಲ ಗಾಡಿ ಕರೀರಿ. ನನಗ ಆಗಿದ್ದು ಇದs’ ಎಂದು ಅಬ್ಬರಿಸಿದರು. ನಾನು ೧೦೮ಕ್ಕೆ ಫೋನು ಮಾಡಿದೆ. ರೋಣದಲ್ಲಿ ಇಂಜೆಕ್ಷನ್ ಬಿತ್ತು, ಸಲಾಯಿನ್ ಹತ್ತಿತು. ಬಿ.ಪಿ. ಆಗಷ್ಟೇ ಇಳಿಯತೊಡಗಿತ್ತಂತೆ. ಇನ್ನು ಅರ್ಧ ದಿನ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಹುಬ್ಬಳ್ಳಿಯವರೆಗೂ ಹೋಗಬೇಕಾಗಲಿಲ್ಲ.

ಆ ಪ್ರಶ್ನೆಗಳನ್ನು ಅತ್ತೆ ಎಲ್ಲಿ ಕಲಿತರು ನಾಜಮೀನ? ನಾನು ಕಲಿಸಿಲ್ಲ. ಎಚ್ಚರವಾದ ಮೇಲೆ ನೀನು ಹಾಸಿಗೆಯ ಪಕ್ಕ ನಿಂತು ಅವರನ್ನು ಕೇಳುತ್ತಿದ್ದದ್ದು ಅವನ್ನೇ.

ತಾಲೂಕಿನ ದವಾಖಾನೆಗಳಲ್ಲೇ ಬೇಗ ಗುರುತಿಸಿ ಬೇಗ ಚಿಕಿತ್ಸೆ ಕೊಡುವ ಹೊಸ ಅಧ್ಯಯನ ಶುರುವಾಗುತ್ತದೆ, ಅದಕ್ಕೆ ಹೆಸರು ಕೊಡುವುದಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಕೊಡು. ಅದರಲ್ಲಿ ಏನು ತಿಳಿಯುತ್ತದೋ ನನಗೂ ತಿಳಿಯದು, ನಿನಗೂ ತಿಳಿಯದು. ಅದಕ್ಕೇ ನೀನು ಬೇಕು. ಬರುವ ಬುಧವಾರ ಕಣ್ಣು ತೋರಿಸಲು ಅತ್ತೆಯನ್ನು ಹುಬ್ಬಳ್ಳಿಗೆ ಕರೆತರುತ್ತೇನೆ. ನೀನು ಆಸ್ಪತ್ರೆಯಲ್ಲಿ ಸಿಗದಿದ್ದರೆ ಸೀದಾ ನರಗುಂದಕ್ಕೆ, ನಿಮ್ಮ ಅಪ್ಪನ ಅಂಗಡಿಗೇ ಹೋಗುವುದಾಗಿ ಹೇಳಿದ್ದಾರೆ. ಜಂಪರಿನ ಜಗಳ ಇನ್ನೂ ಬಾಕಿ ಇದೆಯಂತೆ, ಎಚ್ಚರ.

ಅಜ್ಜಪ್ಪನವರು ಮನೆಗೆ ಬಂದು ಇವತ್ತಿಗೆ ಹನ್ನೊಂದು ದಿನ. ನಿನ್ನೆ ಸಂಜೆ ಕೋಲೂರಿಕೊಂಡು ತಮ್ಮ ಹೆಸರು ಹೊಲದವರೆಗೆ ನಡೆದು, ಬದುವಿನ ಮೇಲೆ ಕೂತು, ಕಳೆ ಸರಿಯಾಗಿ ತೆಗೆದಿಲ್ಲವೆಂದು ಇಬ್ಬರು ಮಕ್ಕಳಿಗೂ ವಾಚಾಮಗೋಚರ ಬೈದರಂತೆ. ಮನೆಯವರೆಲ್ಲ ಸಾಲಾಗಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಆ ಬೈಗುಳ ಕೇಳಿದರಂತೆ.

ನೂರು ವರ್ಷ ಬಾಳು ತಾಯಿ. ನಿನ್ನ ಕೈಯಲ್ಲಿ ಹಿಡಿದ ನಾಡಿಗಳೆಲ್ಲ ಗಟ್ಟಿಯಾಗಿ ಬಡಿಯಲಿ.

ನಿನ್ನ ಅಕ್ಕ,
ದೇವಿಕಾ