ಸೊಟ್ಟಕಿವಿ ಇನ್ನೂ ಹೊರಗಿದ್ದಾಳೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ ಬರೆದದ್ದು
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಸೊಂಟದ ಹತ್ತಿರ ಹೊಲಿಗೆ ಬಿಚ್ಚಿದ ಜಾಗ ಇನ್ನೂ ಕಡಿಯುತ್ತದೆಯೇ? ಸರಿಯಾಗಿ ನಿದ್ದೆ ಬರುತ್ತಿದೆಯೇ, ಅಥವಾ ಪಕ್ಕದ ಹಾಸಿಗೆಯವರು ಈಗಲೂ ಗೊರಕೆ ಹೊಡೆಯುತ್ತಾರೆಯೇ? ನೀವು ಇನ್ನೊಬ್ಬರ ಗೊರಕೆಯ ಮೇಲೆ ದೂರು ಹೇಳುವುದನ್ನು ಕೇಳಿದರೆ ನನಗೆ ನಗು ತಡೆಯುವುದಿಲ್ಲ. ಮದುವೆಯಾದಾಗಿನಿಂದ ನಿಮ್ಮದನ್ನು ಕೇಳಿಕೊಂಡು ನಾನು ಬಾಯಿ ಮುಚ್ಚಿಕೊಂಡಿಲ್ಲವೇ? ಇಲ್ಲಿ ನಾನು ಚೆನ್ನಾಗಿದ್ದೇನೆ, ಕೋಳಿಗಳು ಚೆನ್ನಾಗಿವೆ, ನಾಯಿ ಮಾತ್ರ ನಿಮ್ಮ ಬೂಟಿನ ಮೇಲೆ ತಲೆಯಿಟ್ಟುಕೊಂಡು ಮಲಗುತ್ತದೆ. ಫೋನ್ ಮಾಡಿದರೆ ನೀವು ಒಂದು ಸಲ “ಹೂಂ” ಅನ್ನುತ್ತೀರಿ, ಒಂದು ಸಲ “ಊಹೂಂ” ಅನ್ನುತ್ತೀರಿ, ಆಮೇಲೆ ಫೋನನ್ನು ನರ್ಸಮ್ಮನ ಕೈಗೆ ಕೊಟ್ಟು ಗೋಡೆಯ ಕಡೆ ಮಗ್ಗುಲಾಗಿಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ನರ್ಸಮ್ಮನ ಕೈಗೆ ಕೊಟ್ಟರೆ ಅವಳು ಗಟ್ಟಿಯಾಗಿ ಓದುತ್ತಾಳೆ, ವಾರ್ಡಿಗೆಲ್ಲ ಕೇಳುತ್ತದೆ. ಆದ್ದರಿಂದ ನೀವೇ ಓದಿ.

ಅವಳು ನನಗೆ ಎಲ್ಲವನ್ನೂ ಹೇಳಿದ್ದಾಳೆ. ಮೂಳೆ ಕೂಡಿದೆಯಂತೆ, ಡಾಕ್ಟರ ಕೆಲಸ ಮುಗಿದಿದೆಯಂತೆ, ಇನ್ನು ನಡೆಯುವುದೊಂದೇ ಬಾಕಿಯಂತೆ. ಈಗ ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಂಡು ಆಮೇಲೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ನಿಮ್ಮ ಎದುರಿಗೇ ಹೇಳಿದರಂತೆ. ಆದರೂ ದಿನಾ ಬೆಳಿಗ್ಗೆ ಎಬ್ಬಿಸಲು ಬಂದರೆ ನೀವು “ಎದ್ದು ಯಾರನ್ನ ಉದ್ಧಾರ ಮಾಡ್ಬೇಕಾಗಿದೆ ನಾನು?” ಅನ್ನುತ್ತೀರಂತೆ. ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಹೆದರಿಕೆಯಾಯಿತು. ಹಂದಿ ಹೊಡೆಯಲು ಕೂರುವ ಆ ಅಟ್ಟಣೆಯ ಏಣಿಯಿಂದ ನೀವು ಬಿದ್ದ ದಿನವೂ ನಾನು ಇಷ್ಟು ಹೆದರಿರಲಿಲ್ಲ, ಯಾಕೆಂದರೆ ಅವತ್ತು ನೀವು ನೋವಿನಲ್ಲೂ ಹಂದಿಗಳನ್ನು ಬೈಯುತ್ತಿದ್ದಿರಿ. ಈಗ ಯಾರನ್ನೂ ಬೈಯುತ್ತಿಲ್ಲವಂತೆ.

ಇರಲಿ, ಹಂದಿಗಳ ಸಮಾಚಾರಕ್ಕೆ ಬರುತ್ತೇನೆ. ನೀವು ಕೋಪ ಮಾಡಿಕೊಳ್ಳುವ ಸುದ್ದಿ ಇದೆ, ಹಾಗಾಗಿ ಮೊದಲು ನೀರು ಕುಡಿಯಿರಿ. ನೀವು ಆಸ್ಪತ್ರೆಗೆ ಹೋದ ಮೇಲೆ ಕಾಡುಹಂದಿಗಳು ಹಿಂದಿನ ಹೊಲವನ್ನು ಉತ್ತು ಹಾಕಿದವು. ಆಲೂಗಡ್ಡೆಯ ಸಾಲುಗಳಿಗೆ ಯಾರೋ ಕುಡಿದು ನೇಗಿಲು ಹೊಡೆದ ಹಾಗಿತ್ತು. ನಿಮ್ಮ ಬೇಟೆ ಕೂಟದವರು ಭಾನುವಾರ ಬಂದರು, ನಾಯಿಗಳನ್ನು ಬಿಟ್ಟರು, ಗುಡ್ಡವೆಲ್ಲ ಢಂ ಢಂ ಎಂದಿತು. ಮಧ್ಯಾಹ್ನದ ಹೊತ್ತಿಗೆ ಒಂದು ಬಡಕಲು ಮರಿಯನ್ನು ಹೊತ್ತು ತಂದು, ಅದರ ಮುಂದೆ ಮದುಮಗನ ಕಡೆಯವರ ಹಾಗೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಮರುದಿನ ಉಳಿದವೆಲ್ಲ ಮತ್ತೆ ನಮ್ಮ ಹೊಲದಲ್ಲೇ. ನಾನು ನಿಮ್ಮ ಅಣ್ಣನವರನ್ನು, ಅದೇ ನಮ್ಮ ಮೀಸೆ ಭಾವನವರನ್ನು ಕೇಳಿದೆ. ಕೂಟಕ್ಕೆ ಅಧ್ಯಕ್ಷರಲ್ಲವೇ ಅವರು? “ಮುಂದಿನ್ ಭಾನುವಾರ ನೋಡ್ಕೊಳ್ಳೋಣ ಬಿಡಮ್ಮ” ಎಂದರು. ಹಂದಿಗಳಿಗೆ ವಾರವಿಡೀ ಭಾನುವಾರವೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಗ ನಾನು ವನ್ಯಜೀವಿ ಇಲಾಖೆಗೆ ಫೋನ್ ಮಾಡಿದೆ. ಹೌದು ರೀ, ನಾನೇ ಮಾಡಿದೆ. ಇಲಾಖೆಯವರು ನಮ್ಮ ಬೇಲಿಯೊಳಗೆ ಕಾಲಿಡಬಾರದು ಎಂದು ನೀವು ಹೇಳಿದ್ದು ನೆನಪಿದೆ. ಆದರೆ ಹೇಳಿದವರು ಅಲ್ಲಿ ಗೋಡೆ ನೋಡುತ್ತಾ ಮಲಗಿದ್ದರೆ ಇಲ್ಲಿ ಆಲೂಗಡ್ಡೆ ಕಾಯುವವಳು ತಾನೇ ತೀರ್ಮಾನ ಮಾಡಬೇಕಾಗುತ್ತದೆ. ಒಬ್ಬಳು ತೆಳ್ಳನೆಯ ಹೆಂಗಸು ಬಂದಳು, ಲಾರಿಯ ತುಂಬ ಕಬ್ಬಿಣದ ಜಾಲರಿ ಹೇರಿಕೊಂಡು. ಹೊಲದ ಮೂಲೆಯಲ್ಲಿ ನಮ್ಮ ಹಜಾರಕ್ಕಿಂತ ದೊಡ್ಡದಾದ ಒಂದು ದುಂಡನೆಯ ಬೋನು ಕಟ್ಟಿದಳು. ಬಾಗಿಲು ಮೇಲೆ ತೂಗಾಡುತ್ತಿರುತ್ತದೆ, ಕಂಬದ ಮೇಲೆ ಕ್ಯಾಮೆರಾ ಇರುತ್ತದೆ, ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ನೋಡುತ್ತಾ ಒಂದು ಗುಂಡಿ ಒತ್ತಿದರೆ ಅಲ್ಲಿ ಬಾಗಿಲು ಬೀಳುತ್ತದೆ. ನಾನು ಅವಳಿಗೆ ಬೋನಮ್ಮ ಎಂದು ಹೆಸರಿಟ್ಟಿದ್ದೇನೆ, ಕರೆದರೆ ಓಗೊಡುತ್ತಾಳೆ. ಒಳಗೆ ದಿನಾ ಜೋಳ ಸುರಿಯುವುದು, ಬಾಗಿಲು ಮುಟ್ಟದೆ ಸುಮ್ಮನಿರುವುದು, ಇಷ್ಟೇ ಕೆಲಸ. ಹಂದಿಗಳಿಗೆ ಅದು ತಮ್ಮ ಮಾವನ ಮನೆ ಅನ್ನಿಸಬೇಕಂತೆ. ಇಡೀ ಹಿಂಡು ಒಳಗೆ ಬರುವವರೆಗೂ ಗುಂಡಿ ಒತ್ತಬಾರದು. “ಒಂದೇ ಒಂದು ಹೊರಗುಳಿದ್ರೂ ಅದು ಬುದ್ಧಿ ಕಲ್ತ್ಬಿಡುತ್ತೆ ಅಮ್ಮಾ, ಆಮೇಲೆ ಅದನ್ನ ಬೋನಿಗೆ ಕರೆಯೋಕೆ ಯಾರಿಂದ್ಲೂ ಆಗಲ್ಲ” ಎಂದು ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು. ಅದಕ್ಕಾಗಿ ಒಂದೇ ಷರತ್ತು, ಸುತ್ತಮುತ್ತ ಎಲ್ಲೂ ಬಂದೂಕಿನ ಸದ್ದು ಕೇಳಬಾರದು.

ಇದನ್ನು ಕೇಳಿ ಮೀಸೆ ಭಾವನವರು ನಮ್ಮ ಬಾಗಿಲಿಗೆ ಬಂದು ಕುಣಿದಾಡಿದರು. ತಲೆತಲಾಂತರದಿಂದ ಪುಕ್ಕಟೆಯಾಗಿ ಹಂದಿ ಹೊಡೆಯುವವರು ನಾವು, ಸಂಬಳಕ್ಕೆ ಬರುವವರು ನಮಗೆ ಬಂದೂಕು ಕೆಳಗಿಡು ಅನ್ನುವುದೇ ಎಂದು. ಬೋನಮ್ಮ ಚಹದ ಲೋಟ ಕೆಳಗಿಟ್ಟು, “ಹಂದಿ ಪೂರ್ತಿ ಮುಗಿದ್ಹೋದ್ರೆ ಭಾನುವಾರ ಏನ್ಮಾಡ್ತೀರಾ ಸಾರ್?” ಎಂದು ಬಹಳ ಮರ್ಯಾದೆಯಿಂದಲೇ ಕೇಳಿದಳು. ಭಾವನವರು ಮೀಸೆ ನೀವಿಕೊಂಡರು. ಆಮೇಲೆ ಅವರೂ ಸುಮ್ಮನಿರಲಿಲ್ಲ. “ನೀವು ಬೋನ್ ಎತ್ಕೊಂಡು ಹೊರಟ್ಹೋಗ್ತೀರಮ್ಮ. ಮುಂದಿನ್ ವರ್ಷ ಗುಡ್ಡದ್ ಆ ಕಡೆಯಿಂದ ಇನ್ನೊಂದ್ ಹಿಂಡು ಇಳಿದ್ರೆ ನೋಡೋರ್ ಯಾರು? ನಾವೇ ತಾನೆ?” ಎಂದರು. ಅವಳು ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡಳು. ಇಬ್ಬರ ಮಾತೂ ನನಗೆ ಸರಿಯಾಗಿಯೇ ಕಂಡಿತು, ಆದ್ದರಿಂದ ಇಬ್ಬರಿಗೂ ಇನ್ನೊಂದು ಲೋಟ ಚಹ ಕೊಟ್ಟೆ. ಕೊನೆಗೆ ಭಾವನವರು ಗೊಣಗುತ್ತಲೇ ಒಪ್ಪಿಕೊಂಡು ಹೋದರು.

ಆದರೆ ನಿಮ್ಮ ಗೆಳೆಯ, ಆ ಬಡಗಿ ಇದ್ದಾನಲ್ಲ, ಅವನ ಕೈ ಸುಮ್ಮನಿರಬೇಕಲ್ಲ! ಹಂದಿಗಳು ಬೋನಿನೊಳಗೆ ಹೋಗಿ ಬಂದು ಮಾಡಲು ಶುರು ಮಾಡಿದ್ದವು. ಒಂದು ಬೆಳಿಗ್ಗೆ ಇವನು ಹಾದಿಯಲ್ಲಿ ಹೋಗುತ್ತಾ ಬೇಲಿಯ ಹತ್ತಿರ ಒಂದನ್ನು ಕಂಡು ಢಂ ಎನ್ನಿಸಿಯೇಬಿಟ್ಟ. ಅದೂ ಗುರಿ ತಪ್ಪಿತು. ಒಂದು ವಾರ ಹಂದಿಗಳ ಸುಳಿವಿಲ್ಲ. ಬೋನಮ್ಮ ನನ್ನ ಮುಂದೆ ಕೂತು ಅತ್ತೇಬಿಟ್ಟಳು, ಪಾಪ, ಮನೆ ಮಕ್ಕಳನ್ನು ಬಿಟ್ಟು ಬಂದವಳು. ಭಾವನವರು ಬಡಗಿಯನ್ನು ಹಿಡಿದು ಎಲ್ಲರೆದುರೂ ಬೆವರಿಳಿಸಿದರು. “ಕೊಟ್ಟ ಮಾತಿಗೆ ನಿಂತ್ಕೊಳ್ಳೋಕಾಗದಿದ್ರೆ ಬಂದೂಕ್ ಯಾಕೋ ನಿಂಗೆ?” ಎಂದು ಕೇಳಿದರಂತೆ. ಅಲ್ಲಿಂದ ಮುಂದೆ ಕೂಟದವರೇ ಹಾದಿಯ ಎರಡೂ ಕಡೆ ಕಾವಲು ನಿಂತರು. ಬಡಗಿ ತಪ್ಪಿಗೆ ದಿನಾ ಜೋಳದ ಮೂಟೆ ಹೊತ್ತ. ನೀವು ಇದ್ದಿದ್ದರೆ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ.

ಸದ್ದಿಲ್ಲದ ಮೇಲೆ ಹಂದಿಗಳಿಗೆ ಧೈರ್ಯ ಬಂತು. ಕತ್ತಲಾಗುವ ಮೊದಲೇ, ಇನ್ನೂ ಬಿಸಿಲಿರುವಾಗಲೇ ಬರತೊಡಗಿದವು. ಎಲ್ಲವೂ ಒಳಗೆ ಹೋಗುತ್ತಿದ್ದವು, ಒಬ್ಬಳನ್ನು ಬಿಟ್ಟು. ಯಾರೆಂದು ನಾನು ಹೇಳಬೇಕೇ? ನಿಮ್ಮ ಸೊಟ್ಟಕಿವಿ. ಇಷ್ಟು ವರ್ಷ ನೀವು ಬೆನ್ನು ಹತ್ತಿ, ಮನೆಗೆ ಬಂದು ಬೂಟು ಬಿಚ್ಚುತ್ತಾ “ಇವತ್ತೂ ತಪ್ಪಿಸ್ಕೊಂಡ್ಳು ಕಣೇ” ಎಂದು ನಗುತ್ತಿದ್ದಿರಲ್ಲ, ಆ ಮಹಾರಾಣಿ, ಆ ಹಿಂಡಿನ ಯಜಮಾನಿ. ನನ್ನ ಬಗ್ಗೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ನೀವು ಅವಳ ಬಗ್ಗೆ ಆಡಿದ್ದೀರಿ, ಅದಕ್ಕೇ ನಾನು ಅವಳನ್ನು ಸವತಿ ಎಂದು ಕರೆಯುವುದು. ಮೊದಲ ಸಲ ಅವಳನ್ನು ಸರಿಯಾಗಿ ನೋಡಿದೆ. ಚೆಲುವೆಯೇನಲ್ಲ ಬಿಡಿ. ಬಾಗಿಲ ಹೊರಗೆ ನಿಂತು ಒಳಗಿನವರನ್ನೆಲ್ಲ ನೋಡುತ್ತಾಳೆ, ಮೂಗು ಚಾಚುತ್ತಾಳೆ, ಹಿಂದೆ ಸರಿಯುತ್ತಾಳೆ. ದಿನಾ ಸಂಜೆ ಅದೇ ಆಟ. ಬೋನಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಹೋದ ಶುಕ್ರವಾರ ಸಂಜೆ ಅವಳಿಗೆ ಕಚೇರಿಯಿಂದ ವೈರ್‌ಲೆಸ್ಸಿನಲ್ಲಿ ಕರೆ ಬಂತು. “ಒಂದ್ನಿಮಿಷ ನೋಡ್ತಿರಿ ಅಮ್ಮಾ, ದೊಡ್ಡದು ಪೂರ್ತಿ ಒಳಗ್ ಹೋದ ತಕ್ಷಣ ಒತ್ಬಿಡಿ” ಎಂದು ಬೋನಿನ ಫೋನು ನನ್ನ ಕೈಗೆ ಕೊಟ್ಟು ಲಾರಿಯ ಕಡೆ ಓಡಿದಳು. ಅವಳು ತಿರುಗಿ ಬರುವಷ್ಟರಲ್ಲಿ ಬಾಗಿಲು ಬಿದ್ದಿತ್ತು. ಹಿಂಡಿಗೆ ಹಿಂಡೇ ಒಳಗೆ, ಸೊಟ್ಟಕಿವಿ ಒಬ್ಬಳು ಹೊರಗೆ. ಬೆರಳು ಜಾರಿತು ಎಂದು ಬೋನಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ, ಕುರ್ಚಿಯಲ್ಲಿ ಕುಸಿದು ಕೂತಳು, ಆಮೇಲೆ “ಇಷ್ಟಾದ್ರೂ ಆಯ್ತಲ್ಲ” ಎಂದಳು. ಬೆಳಿಗ್ಗೆ ಇಲಾಖೆಯವರು ಬಂದು ತಮ್ಮ ಕೆಲಸ ಮುಗಿಸಿದರು. ನಾನು ಕಿಟಕಿ ಹಾಕಿಕೊಂಡು ರೇಡಿಯೋ ಜೋರಾಗಿ ಇಟ್ಟೆ. ಅವುಗಳಲ್ಲಿ ಮರಿಗಳೂ ಇದ್ದವು. ಆದರೂ ಮರುದಿನ ಹೊಲಕ್ಕೆ ಹೋಗಿ ಉಳಿದ ಆಲೂಗಡ್ಡೆಯ ಸಾಲುಗಳನ್ನು ನೋಡಿದಾಗ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ಉಳಿದದ್ದು ಸೊಟ್ಟಕಿವಿ ಒಬ್ಬಳು. ಬೋನಿಗೆ ಅವಳು ಇನ್ನು ಬರುವುದಿಲ್ಲ, ಬಂದೂಕಿನವರೇ ಕೂತು ಕಾಯಬೇಕು ಎಂದು ಬೋನಮ್ಮ ಭಾವನವರ ಎದುರಿಗೇ ಹೇಳಿದಳು. ಅವಳ ಬಾಯಿಂದ ಆ ಮಾತು ಬಂದದ್ದಕ್ಕೆ ಭಾವನವರ ಮೀಸೆ ಎರಡು ಬೆರಳು ಮೇಲಕ್ಕೇರಿತು. ಸೊಟ್ಟಕಿವಿಯ ಹೆಜ್ಜೆ, ಹಾದಿ, ಹೊತ್ತು ಗೊತ್ತಿರುವವರು ಯಾರಿದ್ದಾರೆ, ಅಂಥ ಒಬ್ಬರಿಗೆ ಇಲಾಖೆಯಿಂದ ಅನುಮತಿ ಬರೆದುಕೊಡುತ್ತೇನೆ ಎಂದು ಅವಳು ಕೇಳಿದಳು. ನಾನು ಭಾವನವರ ಮುಖ ನೋಡಿದೆ. ಅವರು ತಮ್ಮ ಹೆಸರು ಹೇಳಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಬೂಟಿನ ತುದಿ ನೋಡುತ್ತಾ, “ಅದು ನನ್ ತಮ್ಮನ್ ಹಂದಿ. ಬೇರೆ ಯಾರೂ ಅದನ್ನ ಮುಟ್ಟಲ್ಲ” ಎಂದರು. ಆ ಮನುಷ್ಯನನ್ನು ನಾನು ಇಷ್ಟು ವರ್ಷ ಬರೀ ಮೀಸೆ ಎಂದುಕೊಂಡಿದ್ದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಆದ್ದರಿಂದ ಅನುಮತಿ ನಿಮ್ಮ ಹೆಸರಿಗೆ ಬಂದಿದೆ. ಒಂದು ಷರತ್ತಿದೆ. ಹಿತ್ತಿಲ ಬಾಗಿಲಿನಿಂದ ಹಳೇ ಬಾವಿಯ ಹತ್ತಿರ ನೀವು ಕೂತು ಕಾಯಬೇಕಾದ ಕಲ್ಲಿನವರೆಗೆ ಯಾರ ಆಸರೆಯೂ ಇಲ್ಲದೆ ನಡೆದು ಹೋಗಬೇಕು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಂದೂಕು ಹಿಡಿದವರಿಗೆ ಬೋನಮ್ಮ ಅನುಮತಿ ಕೊಡುವುದಿಲ್ಲವಂತೆ, ಅದರಲ್ಲಿ ರಾಜಿ ಇಲ್ಲ. ಅಟ್ಟಣೆ ಹತ್ತುವ ಮಾತೇ ಬೇಡ, ಅದನ್ನು ಬಡಗಿಯ ಕೈಯಲ್ಲೇ ಬಿಚ್ಚಿಸಿದ್ದೇನೆ. ಅದರ ಹಲಗೆಯಿಂದ ಅವನು ಕಲ್ಲಿನ ಪಕ್ಕ ಒರಗಿಕೊಳ್ಳಲು ಬೆಂಚು ಮಾಡಿಕೊಟ್ಟಿದ್ದಾನೆ. ಇಬ್ಬರು ಕೂರುವಷ್ಟು ಅಗಲವಿದೆ, ನಾನೇ ಹೇಳಿ ಮಾಡಿಸಿದ್ದು. ಚಳಿ ಬಲಿತರೆ ಸೊಟ್ಟಕಿವಿ ಬೇರೆ ಹಿಂಡು ಹುಡುಕಿಕೊಂಡು ಗುಡ್ಡದಾಚೆ ಹೊರಟುಹೋಗುತ್ತಾಳೆ ಎಂದು ಭಾವನವರು ಹೇಳುತ್ತಾರೆ. ಅಲ್ಲಿಯವರೆಗೆ ನಮ್ಮ ಹೊಲ ಬಿಟ್ಟು ಬೇರೆಯವರ ಹೊಲಕ್ಕೆ ಹೋಗದಿರಲಿ ಎಂದು ಬೇಲಿಯ ಪಕ್ಕದ ಆಲೂಗಡ್ಡೆಯ ಸಾಲನ್ನು ಕೀಳದೆ ಅವಳಿಗೇ ಬಿಟ್ಟಿದ್ದೇನೆ.

ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ಗೊರಕೆಯವರಿಗೂ ತಿಳಿಸಿ. ಭಾವನವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಬಡಗಿ ಕ್ಷಮಿಸು ಅಂದಿದ್ದಾನೆ, ನಾಯಿ ಏನೂ ಹೇಳಲಿಲ್ಲ, ಬೂಟು ಬಿಟ್ಟು ಏಳಲೂ ಇಲ್ಲ. ಚೆನ್ನಾಗಿ ಊಟ ಮಾಡಿ.

ನಿಮ್ಮ ಗೊರಕೆಯಿಲ್ಲದೆ ನಿದ್ದೆ ಬಾರದ,
ಇವಳು

ತಾ.ಕ.: ಅಂಚೆಯಣ್ಣ ಗೇಟಿನಲ್ಲಿ ಬೆಲ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬೆರಳು ಜಾರಲಿಲ್ಲ ರೀ. ಆವತ್ತು ಸೊಟ್ಟಕಿವಿ ಮೊದಲ ಸಲ ಎರಡೂ ಮುಂಗಾಲು ಬಾಗಿಲೊಳಗೆ ಇಟ್ಟಿದ್ದಳು. ಏನೋ ಸದ್ದಿಗೆ ಬೆದರಿ ಹಿಂದೆ ಸರಿದಳು, ಆದರೆ ಇನ್ನೊಂದು ಗಳಿಗೆ ಕಾದಿದ್ದರೆ ಖಂಡಿತ ಬರುತ್ತಿದ್ದಳು. ಇವಳೂ ಹೋಗಿಬಿಟ್ಟರೆ ನಿಮ್ಮನ್ನು ಎಬ್ಬಿಸಲು ನನ್ನ ಹತ್ತಿರ ಇನ್ನೇನೂ ಉಳಿಯುವುದಿಲ್ಲ ಅನ್ನಿಸಿತು, ಅವಳು ಹೊರಗಿರುವಾಗಲೇ ಒತ್ತಿಬಿಟ್ಟೆ. ಬೋನಮ್ಮನಿಗೆ ಹೇಳಬೇಡಿ. ಯಾವ ಹೆಂಡತಿಯೂ ಸವತಿಯನ್ನು ಹೀಗೆ ಉಳಿಸಿಕೊಟ್ಟಿರಲಾರಳು. ಈಗ ಗೋಡೆ ನೋಡಿದ್ದು ಸಾಕು, ಈ ಕಡೆ ತಿರುಗಿ ಕಾಲು ಕೆಳಗಿಡಿ.